ಬೀಗರ ಪಡಸಾಲೆಯಲ್ಲಿ ಜೋಡಿ ಕ್ಷುದ್ರಗ್ರಹ

ಸಿರುಗುಪ್ಪದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಚನ್ನಬಸವರಾಜ ಮಾಸ್ತರರಿಗೆ ಮೂಢನಂಬಿಕೆ ಎಂದರೆ ಆಗದು. ಗ್ರಹಣದ ಹೊತ್ತಿನಲ್ಲಿ ಬಳ್ಳಾರಿಯ ಗಾಂಧಿನಗರದ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಓಣಿಗೆಲ್ಲ ಕಾಣುವಂತೆ ಮಂಡಕ್ಕಿ, ಮಿರ್ಚಿ ತಿನ್ನುತ್ತಾರೆ. ಮಗಳು ಚೈತ್ರಾಳ ಮೊದಲ ಸಂಬಂಧ ತಪ್ಪಿದ್ದೂ ಆ ಮಿರ್ಚಿಯಿಂದಲೇ.

ಎರಡನೆಯ ಸಂಬಂಧ ಕುರುಗೋಡಿನದು. ಹುಡುಗ ಸಮ್ರಾಟ್ ಚೈತ್ರಾಳಿಗೆ ಮೆಚ್ಚುಗೆಯಾಗಿದ್ದ. ನಿಶ್ಚಿತಾರ್ಥದ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಟಿವಿಯವರು, ಜೋಡಿ ಕ್ಷುದ್ರಗ್ರಹ, ಅಂದರೆ ಆಕಾಶದಲ್ಲಿ ಒಂದನ್ನೊಂದು ಸುತ್ತುವ ಎರಡು ಕಲ್ಲುಗಳು, ಅದೇ ದಿನ ಭೂಮಿಯ ಪಕ್ಕ ಹಾದುಹೋಗುತ್ತವೆಂದು ಸಂಜೆಯಿಡೀ ಅರಚಿದರು. ಹುಡುಗನ ತಾಯಿ ಅಕ್ಕನಾಗಮ್ಮ ಫೋನು ಮಾಡಿದರು: "ಜೋಡಿ ಕಲ್ಲು ಹೋಗೋ ದಿನ ಜೋಡಿ ಕೂಡ್ಸೋದು ಬ್ಯಾಡ್ರಿ ಬೀಗರ. ಶ್ರಾವಣದಾಗ ನೋಡಾನ್ರಿ."

ನೋಡೋಣ ಎಂದವರು ತಿರುಗಿ ನೋಡುವುದಿಲ್ಲ ಎಂಬುದು ಮಾಸ್ತರರ ಅನುಭವ.

"ಈ ಸಲ ವಾದ ಮಾಡಬ್ಯಾಡ್ರಿ," ಎಂದರು ಹೆಂಡತಿ ಸುನಂದಾ.

"ವಾದಲ್ಲ, ತಿಳಿಸಿ ಹೇಳತೀನಿ," ಎಂದು ಮಾಸ್ತರರು ಅವರನ್ನೂ ಕರೆದುಕೊಂಡು ಕುರುಗೋಡಿನ ಬಸ್ಸು ಹತ್ತಿದರು.

ಬೀಗರ ಪಡಸಾಲೆಯಲ್ಲಿ ಭೂಮಿಯಾಗಲು ಒಂದು ಬೂದುಗುಂಬಳ ಸಿಕ್ಕಿತು. ದೊಡ್ಡದೊಂದು, ಸಣ್ಣದೊಂದು ತೆಂಗಿನಕಾಯಿಯನ್ನು ಹಗ್ಗದ ಎರಡು ತುದಿಗೆ ಕಟ್ಟಿ, ದೊಡ್ಡ ಕಾಯಿಯ ಹತ್ತಿರ ಹಿಡಿದು ತಿರುಗಿಸುತ್ತ, ಮಾಸ್ತರರು ಕುಂಬಳದಿಂದ ದೂರ, ಗೋಡೆಗುಂಟ ನಡೆದರು. "ಇವು ಒಂದನ್ನೊಂದು ಬಿಡದಂಗ ಇರೋದು ಗುರುತ್ವದಿಂದ. ಚಂದ್ರನಕಿಂತ ಎಷ್ಟೋ ದೂರದಾಗ ಹೋಗತಾವ. ನಮ್ಮನ್ನ ಮುಟ್ಟಂಗಿಲ್ಲ." ಕ್ಷುದ್ರಗ್ರಹ ಮುಂದೆ ಸಾಗಿಹೋಯಿತೆಂದು ತೋರಿಸಲು ಹೊಸ್ತಿಲನ್ನೂ ದಾಟಿದರು.

ಅಕ್ಕನಾಗಮ್ಮನ ಕಣ್ಣು ತುಂಬಿತ್ತು. "ಎಷ್ಟ್ ಚಂದ ದೃಷ್ಟಿ ತೆಗದ್ರಿ ಬೀಗರ! ನಮ್ಮ ಅಯ್ಯನವ್ರೂ ಹಿಂಗ ನಿವಾಳಿಸಿಲ್ಲ. ಅದ ದಿನಾನ ಮಾಡಾನ್ರಿ!" ಎಂದವರೇ ಅಂಗಳದಲ್ಲಿ ಎರಡೂ ಕಾಯಿ ಒಡೆದು, ಕುಂಬಳದ ಭೂಮಿಗೆ ಕುಂಕುಮ ಹಚ್ಚಿದರು.

ಮಾಸ್ತರರು ಬಾಯಿ ತೆರೆದರು. ಸುನಂದಾ ಗಂಡನ ಕಾಲು ತುಳಿದರು.

ನಿಶ್ಚಿತಾರ್ಥ ಆಯಿತು. ಕಲ್ಲುಗಳು ಯಾರ ಕಣ್ಣಿಗೂ ಬೀಳದೆ ಹೋದವು. ಟಿವಿಯವರು ಬೇರೊಂದು ಗಂಡಾಂತರ ಹುಡುಕಿಕೊಂಡರು. ಅಕ್ಕನಾಗಮ್ಮ ಮಾತ್ರ ಬೀಗರ ಕೈಗುಣವನ್ನು ನೆಂಟರಿಗೆಲ್ಲ ಸಾರಿದರು. ಕಳೆದ ವಾರ ಕರೂರಿನ ಎರ್ರಿ ಎಂಬ ರೈತ, ಟ್ರಾಲಿ ಜೋಡಿಸಿದ ಹೊಸ ಟ್ರ್ಯಾಕ್ಟರನ್ನು ಮಾಸ್ತರರ ಮನೆ ಮುಂದೆ ನಿಲ್ಲಿಸಿ, ಎರಡು ಕಾಯಿ, ಒಂದು ಕುಂಬಳ ಹಿಡಿದು ಒಳಗೆ ಬಂದ.

ಹಿಂದಕ್ಕೆ ಕಳಿಸಿದರೆ ಮಾತು ಕುರುಗೋಡಿಗೆ ಮುಟ್ಟುತ್ತದೆ. ಮದುವೆ ಇನ್ನೂ ಆಗಬೇಕು. ಮಾಸ್ತರರು ಹಗ್ಗ ತಂದು, ಒಂದಕ್ಷರ ಬಿಡದೆ ಪಾಠ ಹೇಳಿದರು. ಎರ್ರಿ ಕೈಮುಗಿದುಕೊಂಡು ಕೇಳಿದ. ತರಗತಿಯಲ್ಲಿ ಅವರ ಪಾಠವನ್ನು ಯಾರೂ ಅಷ್ಟು ಶ್ರದ್ಧೆಯಿಂದ ಕೇಳಿದ್ದಿಲ್ಲ.

"ಸಾರ, ಆ ಗುರುತ್ವ ಅನ್ನೋದು ಇನ್ನೊಮ್ಮೆ ಅನ್ರಿ," ಎಂದ ಎರ್ರಿ. "ಟ್ರಾಲಿಗೂ ಆಗಲಿ."