ಅರ್ಧ ಸುದ್ದಿ ಕೇಳುವ ಡಬ್ಬಿ

ಬಾನೆಟ್ ಎತ್ತಿ ನೋಡುವ ಚಟವೊಂದು ನನಗಿದೆ. ಕಾರು ನನ್ನದಲ್ಲ, ಮಗಳು ವಿದ್ಯಾಳದು. ಕೆಟ್ಟದ್ದನ್ನು ಸರಿಮಾಡುವ ಕೈಗುಣವೂ ನನಗಿಲ್ಲ. ಆದರೂ ಪ್ರತಿ ರವಿವಾರ ಬೆಳಿಗ್ಗೆ ಚಹಾ ಕುಡಿದು, ಲುಂಗಿ ಬಿಗಿದು, ಉಪ್ಪಲ್‌ನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಇಳಿಯುತ್ತೇನೆ. ಬಾನೆಟ್ ಎತ್ತಿ, ಎಂಜಿನ್ನನ್ನು ಒಂದಷ್ಟು ಹೊತ್ತು ಗಂಭೀರವಾಗಿ ದಿಟ್ಟಿಸಿ, ಆಯಿಲ್ ಕಡ್ಡಿ ಎಳೆದು ಒರೆಸಿ ಮತ್ತೆ ಇಟ್ಟು ಬಂದರೆ, ವಾರವೆಲ್ಲ ಮನೆ ಸುರಕ್ಷಿತ ಎಂಬ ನೆಮ್ಮದಿ. ಇದೆಲ್ಲ ಹಳೆಯ ನೌಕರಿಯ ಪ್ರಸಾದ. ಕೊಪ್ಪಳದ ಕಡೆಯಿಂದ ಬಂದು ಇಲ್ಲಿಯ ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದು ನಿವೃತ್ತನಾದವನು ನಾನು. ಕೆಂಪು ಬೋರ್ಡು ಬರೆಸುವುದು, ಸೈರನ್ ಊದಿಸಿ ಜನರನ್ನು ಬಯಲಿಗೆ ಓಡಿಸುವ ಅಣಕು ಕವಾಯತು ನಡೆಸುವುದು ನನ್ನ ಕೆಲಸ. ಸೈರನ್ ಕೇಳಿದ ಕಾರ್ಮಿಕರು ಬಯಲಿಗೆ ಹೋಗದೆ ನೆಟ್ಟಗೆ ಕ್ಯಾಂಟೀನಿಗೆ ಹೋಗುತ್ತಿದ್ದರು ಎನ್ನುವುದು ಬೇರೆ ಮಾತು. ಗಾಬರಿಪಡುವುದಕ್ಕೆಂದೇ ಸರಕಾರ ನನಗೆ ಸಂಬಳ ಕೊಟ್ಟಿತು, ನಾನೂ ಪ್ರಾಮಾಣಿಕವಾಗಿ ಗಾಬರಿಪಟ್ಟೆ. ನಿವೃತ್ತಿಯಾದ ಮೇಲೆ ಸಂಬಳ ನಿಂತಿತು, ಗಾಬರಿ ನಿಲ್ಲಲಿಲ್ಲ.

ಕೆಲವು ತಿಂಗಳ ಹಿಂದಿನ ಒಂದು ರವಿವಾರದ ಮಾತು. ಬ್ಯಾಟರಿಗೆ ಒಳ್ಳೆಯದೆಂದು ಕಾರು ಚಾಲೂ ಮಾಡಿಯೇ ಬಾನೆಟ್ ಎತ್ತಿದೆ. ಎಂಜಿನ್ನಿನ ಪಕ್ಕದಲ್ಲಿ, ಹೋದ ವಾರ ಏನೂ ಇರದಿದ್ದ ಜಾಗದಲ್ಲಿ, ಲಿಂಬೆಹಣ್ಣಿನಷ್ಟು ದಪ್ಪದ ಕಪ್ಪು ವಸ್ತುವೊಂದು ಕೂತಿತ್ತು. ಅದಕ್ಕೆ ಮೂರು ರಬ್ಬರ್ ಕೊಳವೆ, ಎರಡು ವೈರು. ಸಾಲದ್ದಕ್ಕೆ ಟಕಟಕ ಎನ್ನುತ್ತಿತ್ತು. ನೌಕರಿಯುದ್ದಕ್ಕೂ ‘ಅನುಮಾನಾಸ್ಪದ ವಸ್ತು ಕಂಡರೆ ಏನು ಮಾಡಬೇಕು’ ಎಂದು ಭಾಷಣ ಮಾಡಿದ್ದೆನೇ ಹೊರತು, ಅಂಥ ವಸ್ತು ಒಮ್ಮೆಯೂ ಕಂಡಿರಲಿಲ್ಲ. ಎದೆ ಧಸಕ್ಕೆಂದಿತು. ಕಾರು ಬಂದ್ ಮಾಡುವುದನ್ನೂ ಮರೆತು ಮೆಟ್ಟಿಲು ಹತ್ತಿ, ಬಾಗಿಲು ಬಾಗಿಲು ಬಡಿದು, “ಹೊರಗ ಬರ್ರೀ! ಬಯಟಿಕಿ ರಂಡಿ! ಬಾಹರ್ ನಿಕಲೋ!” ಎಂದು ಕನ್ನಡ, ತೆಲುಗು, ಹಿಂದಿ, ತಿಳಿದ ಭಾಷೆಗಳಲ್ಲೆಲ್ಲ ಕೂಗಿದೆ. ಬಾಯಲ್ಲಿ ಬ್ರಷ್ ಇದ್ದವರು, ಕೈಯಲ್ಲಿ ದೋಸೆಯ ಸೌಟು ಹಿಡಿದವರು, ಅರ್ಧ ಗಡ್ಡ ಕೆರೆದುಕೊಂಡವರು, ಎಲ್ಲರೂ ದಡದಡ ಇಳಿದು ಗೇಟಿನ ಬೇವಿನ ಮರದ ಕೆಳಗೆ ಸೇರಿದರು. ಇಡೀ ಜೀವಮಾನದಲ್ಲಿ ನಾನು ನಡೆಸಿದ ಕವಾಯತುಗಳ ಪೈಕಿ ಯಶಸ್ವಿಯಾದದ್ದು ಅದೊಂದೇ.

ಕೊನೆಗೆ ಇಳಿದು ಬಂದವಳು ವಿದ್ಯಾ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಹುಡುಗಿ. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದು ಬಾನೆಟ್ಟಿನೊಳಗೆ ಇಣುಕಿದಳು.

“ಅಪ್ಪಾ, ಇದು ಬೂಸ್ಟ್ ಕಂಟ್ರೋಲ್ ಸೊಲೆನಾಯ್ಡ್ ರೀ. ಹೋದ ಐತವಾರ ನಾನಽ ಹಾಕೇನಿ.”

ದೋಸೆಯ ಸೌಟಿನವರು ಮೊದಲು ಮೆಟ್ಟಿಲು ಹತ್ತಿದರು. ಆಮೇಲೆ ಅರ್ಧ ಗಡ್ಡದ ನೆರೆಯವರು, “ಕ್ಯಾ ಅಂಕಲ್, ಸಂಡೇಕೋ ಭೀ ಡ್ಯೂಟಿ?” ಎನ್ನುತ್ತ ಉಳಿದರ್ಧ ಮುಗಿಸಲು ಹೊರಟರು. ದೋಸೆ ಸೀದ ವಾಸನೆ ಆಗಲೇ ಪಾರ್ಕಿಂಗ್‌ವರೆಗೆ ಬಂದಿತ್ತು.

ಮರ್ಯಾದೆ ಹೋದದ್ದಕ್ಕೆ ನಾನು ಅಷ್ಟಾಗಿ ಚಿಂತಿಸಲಿಲ್ಲ. ನನ್ನನ್ನು ದಂಗುಬಡಿಸಿದ್ದು ಅದರ ನಂತರ ತಿಳಿದದ್ದು. ಈ ಯಂತ್ರವನ್ನು ಕೂಡಿಸುವಾಗ ಟಾರ್ಚು ಹಿಡಿದವಳು ಸರೋಜಾ, ನನ್ನ ಹೆಂಡತಿ! ಹಲ್ಲಿ ಕಂಡರೆ ಸ್ಟೂಲಿನ ಮೇಲೆ ಹತ್ತುವ ಸರೋಜಾ, ಮಿಕ್ಸರಿನ ಫ್ಯೂಸು ಹೋದರೆ ನನ್ನನ್ನು ಕೂಗುವ ಸರೋಜಾ. ಆ ದಿನ ನನ್ನ ಚಿಕ್ಕಪ್ಪನ ಮಗನನ್ನು ಊರಿನ ಗಾಡಿ ಹತ್ತಿಸಿ ಬರಲು ಇಬ್ಬರೂ ಸೇರಿ ನನ್ನನ್ನು ಕಾಚಿಗೂಡ ಸ್ಟೇಶನ್ನಿಗೆ ಕಳಿಸಿದ್ದರು. ಅವನಿಗೆ ಐವತ್ತು ದಾಟಿದೆ, ರೈಲು ಹತ್ತಲು ಬರುತ್ತದೆ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ವಿಚಾರಣೆಗೆಂದು ಅಡುಗೆಮನೆಗೆ ಹೋದೆ. ಸರೋಜಾ ರೊಟ್ಟಿ ತಟ್ಟುತ್ತಿದ್ದಳು. ತಟ್ಟುತ್ತಲೇ ಪಾಠ ಶುರುಮಾಡಿದಳು.

“ಟರ್ಬೊ ಅಂದ್ರ ಒಂದು ಫ್ಯಾನ್ ಇದ್ದಂಗ್ರಿ. ಹೊಗಿ ಹೋಗೂ ರಭಸಕ್ಕ ತಿರಗತೈತಿ, ಎಂಜಿನ್ನಿಗೆ ಗಾಳಿ ನೂಕತೈತಿ. ಗಾಳಿ ಭಾಳಾತಂದ್ರ ಎಂಜಿನ್ ತಡೀಬೇಕಲ್ರಿ? ಅದಕ್ಕ ಬಾಜೂಕ ಒಂದು ಸಣ್ಣ ಡಬ್ಬಿ ಇಟ್ಟಾರ. ಗಾಳಿ ಎಷ್ಟೈತಿ ಅಂತ ಒಂದು ನಳಿಗಿ ಅದಕ್ಕ ಸುದ್ದಿ ಮುಟ್ಟಸತೈತಿ. ಡಬ್ಬಿ ಅಂಜಿ ಬಾಗಲಾ ತಗೀತೈತಿ, ಹೊಗಿ ಆಚಿ ಕಡೆ ಹೋಗಿಬಿಡತೈತಿ.”

“ಮತ್ತ ಈ ಟಕಟಕ ಯಾಕ?”

“ಆ ಡಬ್ಬಿ ಭಾಳ ಅಂಜುಬುರುಕ್ರಿ. ಎಂಜಿನ್ನಿಗೆ ಇನ್ನೂ ತಾಕತ್ತ ಇರತೈತಿ, ಇದು ಲಗೂನ ಬಾಗಲಾ ತಗದಬಿಡತೈತಿ. ಅದಕ್ಕ ನಳಿಗಿ ನಡಕ ಇದನ್ನ ಹಾಕಿದ್ವಿ. ಅರ್ಧ ಸುದ್ದಿ ಡಬ್ಬಿಗೆ ಬಿಡತೈತಿ, ಅರ್ಧ ಬಾಜೂಕ ಸರಸತೈತಿ. ಡಬ್ಬಿ ಪಾಪ, ಎಲ್ಲಾ ಛಲೋ ಐತಿ ಅಂತ ಸುಮ್ಮನ ಕುಂಡರತೈತಿ.”

‘ಹಾಕಿದ್ವಿ’ ಎಂದಳು, ಗಮನಿಸಿ. ಟಾರ್ಚು ಹಿಡಿದದ್ದಷ್ಟೇ ಅಲ್ಲವಂತೆ. ವಿದ್ಯಾಳ ಕೈ ತೂರದ ಇಕ್ಕಟ್ಟಿನಲ್ಲಿ ಕೊಳವೆಗಳಿಗೆ ಕ್ಲಿಪ್ಪು ಬಿಗಿದವಳೂ ಇವಳೇ. ದಿನಾ ಮಲ್ಲಿಗೆ ಕಟ್ಟುವ ಬೆರಳಿಗೆ ಅದೇನು ಮಹಾ, ಎಂದಳು. ಮೂರು ಕೊಳವೆಗಳಲ್ಲಿ ಯಾವುದು ಎಲ್ಲಿಗೆ ಎಂದು ತಾಯಿ ಮಗಳು ಎರಡೆರಡು ಸಲ ಊದಿ ನೋಡಿ ಖಾತ್ರಿ ಮಾಡಿಕೊಂಡರಂತೆ. ಅದಲುಬದಲಾದರೆ ಡಬ್ಬಿಗೆ ಸುದ್ದಿಯೇ ಮುಟ್ಟದೆ ಗಾಳಿ ಮಿತಿ ಮೀರಿ ಎಂಜಿನ್ನೇ ಒಡೆಯುತ್ತದಂತೆ. ನನ್ನ ಮನೆಯಲ್ಲಿ, ನನಗೆ ತಿಳಿಯದೆ, ಇಂಥದೊಂದು ವರ್ಕ್‌ಶಾಪು ನಡೆದಿದೆ ಎಂದು ನಂಬಲು ನನಗೆ ಬಹಳ ಹೊತ್ತೇ ಬೇಕಾಯಿತು.

ಆದರೂ ಒಂದು ಮಾತು ಹೇಳಬೇಕು: ಆಗ ನನಗೆ ಆ ಡಬ್ಬಿಯ ಮೇಲೆ ಕನಿಕರ ಹುಟ್ಟಿತು. ಸುದ್ದಿಯನ್ನು ಸೋಸಿ ಬಿಡುವ ಈ ಉಪಾಯ ಹೊಸದೇನಲ್ಲ. ನಾನು ಚಿಕ್ಕವನಿದ್ದಾಗ ಯಾರಾದರೂ ತೀರಿಕೊಂಡರೆ ದೂರದವರಿಗೆ ‘ಸೀರಿಯಸ್, ಕೂಡಲೇ ಹೊರಡಿ’ ಎಂದು ತಂತಿ ಹೋಗುತ್ತಿತ್ತು. ತಂತಿ ಕಳಿಸಿದವರಿಗೂ ಗೊತ್ತು, ಓದಿದವರಿಗೂ ಗೊತ್ತು, ತಂದುಕೊಟ್ಟ ಅಂಚೆಯವನಿಗಂತೂ ಗೊತ್ತೇ ಗೊತ್ತು. ಆದರೂ ಆ ಅರ್ಧ ಸುದ್ದಿಯ ಆಸರೆಯಲ್ಲಿ ಜನ ಊರು ಮುಟ್ಟುತ್ತಿದ್ದರು. ಇದಕ್ಕೆ ತದ್ವಿರುದ್ಧ ನಮ್ಮ ಗೋಲ್ಕೊಂಡ ಕೋಟೆ. ಅಲ್ಲಿ ಕೆಳಬಾಗಿಲಲ್ಲಿ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಗೆ ಕೇಳುತ್ತದೆ. ಊರಿಂದ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿ, ಸುರಕ್ಷಾ ವ್ಯವಸ್ಥೆ ಎಂದರೆ ಹೀಗಿರಬೇಕು ಎಂದು ಚಪ್ಪಾಳೆ ತಟ್ಟಿಸುತ್ತೇನೆ. ನನ್ನ ಮನೆಯೂ ಗೋಲ್ಕೊಂಡವೇ, ಸಣ್ಣ ಸಪ್ಪಳವಾದರೂ ನೇರ ನನಗೆ ಮುಟ್ಟುತ್ತದೆ ಎಂದು ತಿಳಿದಿದ್ದೆ.

ಕನಿಕರದ ಹುಮ್ಮಸ್ಸಿನಲ್ಲಿ ಕೇಳಿದೆ: “ಅಷ್ಟೆಲ್ಲಾ ಮಾಡಿ ಏನಾರ ಫರಕ ಗೊತ್ತಾಗತೈತೇನು?”

“ಗೊತ್ತಾಗತೈತೇನ್ರೀ ಅಂತ ಕೇಳ್ತೀರಲ್ಲ!” ಸರೋಜಾ ಹಿಟ್ಟಿನ ಕೈ ಎತ್ತಿದಳು. “ಬುಧವಾರ ಆಸ್ಪತ್ರಿಯಿಂದ ಬರೂಮುಂದ ಫ್ಲೈಓವರ್ ಮ್ಯಾಲ ವಿದ್ಯಾ ಒಮ್ಮೆ ಒತ್ತಿದ್ಲು ನೋಡ್ರಿ, ನನ್ನ ಬೆನ್ನು ಸೀಟಿಗೆ...”

ಮಾತು ಅಲ್ಲೇ ನಿಂತಿತು. ಎತ್ತಿದ ಕೈಯೂ ಅಲ್ಲೇ ನಿಂತಿತು.

“ಯಾವ ಆಸ್ಪತ್ರಿ?”

ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. ಬಾಗಿಲಲ್ಲಿ ನಿಂತಿದ್ದ ವಿದ್ಯಾ ಮೆಲ್ಲಗೆ ಬಂದು ಗ್ಯಾಸು ಬಂದ್ ಮಾಡಿ ಹೇಳಿದಳು. ಅವ್ವನ ಎದೆಯಲ್ಲಿ ಸಣ್ಣದೊಂದು ಗಂಟು ಸಿಕ್ಕಿತ್ತು. ಹಿಮಾಯತ್‌ನಗರದ ಡಾಕ್ಟರಿಗೆ ತೋರಿಸಿದರು. ಸೂಜಿ ಹಾಕಿ ಪರೀಕ್ಷೆಗೆ ಕಳಿಸಿದರು. ಬುಧವಾರ ರಿಪೋರ್ಟ್ ಬಂತು, ಕೆಟ್ಟದ್ದೇನೂ ಇಲ್ಲ. ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ತೋರಿಸಬೇಕು, ಅಷ್ಟೇ.

“ರಿಪೋರ್ಟ್ ಬರೂತನಕ ಅವ್ವನ ಕೈ ಒಂದಽ ಸವನ ನಡಗತಿತ್ತರೀ ಅಪ್ಪಾ. ಏನಾರ ಕೆಲಸ ಕೊಡಬೇಕಾಗಿತ್ತು. ಅದಕ್ಕ ಐತವಾರ ಟಾರ್ಚು ಹಿಡಿ ಬಾ ಅಂತ ಕೆಳಗ ಕರಕೊಂಡು ಹೋದೆ. ಕ್ಲಿಪ್ಪು ಬಿಗಿಯೂಮುಂದ ಮಾತ್ರ ಕೈ ನಡಗಲಿಲ್ಲ.”

ನಾನು ಅಡುಗೆಮನೆಯ ನೆಲದ ಮೇಲೆಯೇ ಕೂತುಬಿಟ್ಟೆ. ಪಾರ್ಕಿಂಗಿನಲ್ಲಿ ಎದೆ ಧಸಕ್ಕೆಂದದ್ದು ಏನೂ ಅಲ್ಲ. ನನ್ನ ಹೆಂಡತಿ ಅಷ್ಟು ದಿನ ಸಾವಿನ ಭಯ ಹೊತ್ತುಕೊಂಡು ನನಗೆ ರೊಟ್ಟಿ ಬಡಿಸಿದ್ದಳು, ನಾನು ಉಪ್ಪು ಜಾಸ್ತಿ ಎಂದು ಗೊಣಗಿ ಉಂಡಿದ್ದೆ. ಬುಧವಾರ ಅವಳು ಕಾರಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳಂತೆ. ವಿದ್ಯಾ ಏನೂ ಹೇಳಲು ತೋಚದೆ ಖಾಲಿ ಫ್ಲೈಓವರ್ ಮೇಲೆ ಪೆಡಲು ಒತ್ತಿದಾಗ, ಬೆನ್ನು ಸೀಟಿಗೆ ಅಂಟಿ, ಅಳು ಅಲ್ಲೇ ಬಿಟ್ಟು ಖೊಳ್ಳನೆ ನಕ್ಕಳಂತೆ. ಆ ಅಳುವಿನಲ್ಲೂ ನಾನಿರಲಿಲ್ಲ, ನಗುವಿನಲ್ಲೂ ಇರಲಿಲ್ಲ. ಆ ಹೊತ್ತಿಗೆ ನಾನು ಮನೆಯಲ್ಲಿ ಕೂತು, ಬೆಂಕಿ ಬಿದ್ದರೆ ಅಪಾರ್ಟ್‌ಮೆಂಟಿನವರು ಯಾವ ಮೆಟ್ಟಿಲಿನಿಂದ ಇಳಿಯಬೇಕು ಎಂಬ ನಕ್ಷೆ ಬರೆಯುತ್ತಿದ್ದೆ.

ಸಿಟ್ಟು ಬಂತು, ದುಃಖವೂ ಬಂತು. ಆದರೆ ಯಾರ ಮೇಲೆ ಸಿಟ್ಟು ಮಾಡಲಿ? ಹಿಂದೊಮ್ಮೆ ವಿದ್ಯಾ ಸ್ಕೂಟರಿನಿಂದ ಬಿದ್ದು ಮೊಣಕಾಲು ತರಚಿಕೊಂಡಿದ್ದಳು. ಸುದ್ದಿ ಕೇಳಿದ ನಾನು ಆಸ್ಪತ್ರೆಗೆ ಓಡಿ, ರಕ್ತ ನೋಡಿ, ಬಿ.ಪಿ. ಏರಿ, ಅಲ್ಲೇ ಕುಸಿದೆ. ಬೆಡ್ಡು ನನಗೆ ಸಿಕ್ಕಿತು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಮಗಳು ಪಕ್ಕದ ಸ್ಟೂಲಿನ ಮೇಲೆ ಕೂತು ರಾತ್ರಿಯಿಡೀ ನನಗೆ ಗಾಳಿ ಬೀಸಿದಳು. ಅಂಥ ಡಬ್ಬಿಗೆ ಪೂರ್ತಿ ಸುದ್ದಿ ಯಾರು ತಾನೆ ಬಿಡುತ್ತಾರೆ?

ಅಷ್ಟು ತಿಳಿದೂ ಬಾಯಿ ತಡೆಯಲಿಲ್ಲ. “ಆ ಡಬ್ಬಿಗೆ ಅರ್ಧ ಸುದ್ದಿಯರ ಮುಟ್ಟತೈತೆವಾ,” ಎಂದೆ. “ನನಗ ಅದೂ ಮುಟ್ಟಲಿಲ್ಲ.”

ಸರೋಜಾ ಹಿಟ್ಟಿನ ಕೈಯಿಂದಲೇ ನನ್ನ ಹೆಗಲು ಹಿಡಿದಳು.

ಅಂದಿನಿಂದ ನನಗೆ ನಾನೇ ಕವಾಯತು ಇಟ್ಟುಕೊಂಡೆ. ಕೆಟ್ಟ ಸುದ್ದಿ ಕೇಳುವ ಕವಾಯತು. ಸರೋಜಾ ಆಗಾಗ, “ಹಾಲು ಒಡದಾವ್ರಿ,” “ಕೆಲಸದಾಕಿ ನಾಳಿಂದ ಬರಂಗಿಲ್ಲಂತ್ರಿ” ಎಂದು ಸಣ್ಣ ಸಣ್ಣದಾಗಿ ಬಿಟ್ಟು ನನ್ನ ಮುಖ ನೋಡುತ್ತಿದ್ದಳು. ನಾನು ಉಸಿರು ಬಿಗಿಹಿಡಿದು “ಆಗಲಿ” ಎನ್ನುತ್ತಿದ್ದೆ. ಎರಡನೆಯ ಸುದ್ದಿಗೆ ಸ್ವಲ್ಪ ನಡುಗಿದೆ ಎಂದು ಒಪ್ಪಿಕೊಳ್ಳುತ್ತೇನೆ. ಪಾತ್ರೆ ತಿಕ್ಕುವುದು ನನ್ನ ಪಾಲಿಗೆ ಬರುವುದಿತ್ತು.

ಹೋದ ವಾರ ಮತ್ತೆ ತೋರಿಸುವ ದಿನ ಬಂತು. “ಗಾಬರಿ ಆಗಂಗಿಲ್ಲಂದ್ರ ಬರ್ರಿ,” ಎಂದಳು ಸರೋಜಾ. ನಾನು ಹಿಂದಿನ ಸೀಟಿನಲ್ಲಿ ಕೂತು, ಮೇಲಿನ ಹಿಡಿ ಹಿಡಿದುಕೊಂಡೆ. ಆ ಹಿಡಿ ಸವೆದಿದ್ದರೆ ಅದು ನನ್ನಿಂದಲೇ. ಮೆಟ್ರೊ ಕಂಬಗಳ ಕೆಳಗೆ ಗಾಡಿಗಳು ಮಿಸುಕಲಿಲ್ಲ. ಹೊತ್ತು ಮೀರುತ್ತಿತ್ತು, ಸರೋಜಾಳ ಕೈ ಮಡಿಲಲ್ಲಿ ಸಣ್ಣಗೆ ನಡುಗುತ್ತಿದ್ದುದು ಹಿಂದಿನಿಂದಲೇ ಕಂಡಿತು. ಕಡೆಗೊಮ್ಮೆ ಫ್ಲೈಓವರ್ ಹತ್ತಿದೆವು. ಮುಂದೆ ರಸ್ತೆ ಖಾಲಿ. ವಿದ್ಯಾ, ಹಿಂದೆ ನಾನಿರುವ ಭಯಕ್ಕೆ, ಎತ್ತಿನ ಬಂಡಿಯ ಹಾಗೆ ಓಡಿಸುತ್ತಿದ್ದಳು.

“ಸ್ವಲ್ಪ ಜೋರ ಹೊಡಿಯವಾ,” ಎಂದೆ.

ತಾಯಿ ಮಗಳು ಇಬ್ಬರೂ ಒಟ್ಟಿಗೆ ನನ್ನತ್ತ ತಿರುಗಿದರು. “ನೀ ರಸ್ತೆ ನೋಡು!” ಎಂದು ಕೂಗಿದೆ. ಆಮೇಲೆ ನನ್ನ ಬೆನ್ನೂ ಸೀಟಿಗೆ ಅಂಟಿತು, ದೇವರ ಹೆಸರುಗಳೆಲ್ಲ ಒಂದರ ಹಿಂದೊಂದು ನೆನಪಾದವು. ಸರೋಜಾ ನಕ್ಕದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಡಾಕ್ಟರಮ್ಮ ರಿಪೋರ್ಟ್ ಕೈಯಲ್ಲಿ ಹಿಡಿದು, ಕನ್ನಡಕದ ಮೇಲಿಂದ ನನ್ನ ಬೆವೆತ ಮುಖ ನೋಡಿದರು. ಸಾರ್ ಎದುರಿಗೇ ಹೇಳಬಹುದೇ, ಎಂದು ತೆಲುಗಿನಲ್ಲಿ ಸರೋಜಾಳನ್ನು ಕೇಳಿದರು.

ಸರೋಜಾ ನನ್ನ ಕಡೆ ಒಮ್ಮೆ ನೋಡಿದಳು. ನಾನು ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದು ತಲೆಯಾಡಿಸಿದೆ.

“ಅಂತಾ ಚೆಪ್ಪಂಡಿ,” ಎಂದಳು. ಎಲ್ಲಾ ಹೇಳಿಬಿಡಿ.