ತಪ್ಪಾದರೂ ಮುಂದೆ ನಡೆ

ಮೊನ್ನೆ ಚಿತ್ರದುರ್ಗದ ನಮ್ಮ ಕಂಪ್ಯೂಟರ್ ತರಗತಿಯಲ್ಲಿ ಒಬ್ಬಳು ವಿದ್ಯಾರ್ಥಿನಿ, "ಸರ್, ಮ್ಯಾಕ್ರೋಗೆ ಈ ಒಂದು ಸಾಲು ಸೇರಿಸಿದ್ ಮ್ಯಾಲೆ ಎರರ್ರೇ ಬರ್ತಿಲ್ಲ ನೋಡ್ರಿ" ಎಂದಳು. ಅವಳ ಖುಷಿಗೆ ನಾನೂ ನಗಬೇಕಿತ್ತು. ಆಗಲಿಲ್ಲ. ಆ ಸಾಲು ನನಗೆ ಹಳೆಯ ಪರಿಚಯ. ಕನ್ನಡದಲ್ಲಿ ಅದರ ಅರ್ಥ ಇಷ್ಟೆ: ತಪ್ಪಾದರೂ ನಿಲ್ಲಬೇಡ, ಮುಂದೆ ನಡೆ.

ಮ್ಯಾಕ್ರೋ ಎಂದರೆ ಹೆದರಬೇಡಿ. ಎಕ್ಸೆಲ್ ಹಾಳೆಯಲ್ಲಿ ನಾವು ದಿನವೆಲ್ಲ ಕೂತು ಮಾಡುವ ಕೆಲಸವನ್ನು ಅದೇ ಮಾಡಿಕೊಳ್ಳಲಿ ಎಂದು ಬರೆದಿಡುವ ಆಜ್ಞೆಗಳು, ಅಷ್ಟೆ. ಹೊಳಲ್ಕೆರೆಯ ಒಂದು ಸೇವಾ ಸಂಸ್ಥೆಯಲ್ಲಿದ್ದಾಗ ವಿಡಿಯೋ ನೋಡಿ ಅದನ್ನು ಕಲಿತೆ. ಕಲಿತ ಹೊಸದರಲ್ಲಿ ನನ್ನ ಜಂಬ ಹೇಳತೀರದು. ಈರುಳ್ಳಿ ಹೆಚ್ಚಿಕೊಡಿ ಎಂದು ಹೆಂಡತಿ ಕರೆದರೆ, ಇದಕ್ಕೂ ಒಂದು ಮ್ಯಾಕ್ರೋ ಬರೆಯಬಹುದೇ ಎಂದು ಯೋಚಿಸುತ್ತಿದ್ದೆ.

ಆಗ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಶಿಬಿರ ಬಂತು. ಊರೂರು ತಿರುಗಿ ಹೆಸರು ಬರೆದು ತಂದವರು ರುದ್ರಕ್ಕ, ನನಗಿಂತ ಇಪ್ಪತ್ತು ವರ್ಷ ಹಿರಿಯ ಸಹೋದ್ಯೋಗಿ. ಯಾರಿಗೆ ಯಾವ ದಿನ ಅನುಕೂಲ ಎಂಬುದೆಲ್ಲ ಅವರ ನೋಟ್‌ಬುಕ್ಕಿನಲ್ಲಿತ್ತು. ಆಸ್ಪತ್ರೆಗೆ ಅದರ ಪ್ರತಿ ಹೋಯಿತು. ರೋಗಿಗಳಿಗೆ ಮೊಬೈಲಿನಲ್ಲಿ ದಿನ ತಿಳಿಸುವುದು ನನ್ನ ಮ್ಯಾಕ್ರೋದ ಪಾಲಿಗೆ ಬಂತು.

ಅದು ನಡುವೆ ನಡುವೆ ಎರರ್ ತೋರಿಸಿ ನಿಲ್ಲುತ್ತಿತ್ತು. ಯಾಕೆಂದು ನೋಡುವ ತಾಳ್ಮೆ ಇಲ್ಲದೆ ಆ ಸಾಲು ಸೇರಿಸಿದೆ. ಸರಾಗವಾಗಿ ಓಡಿತು.

"ಲೇ ತಮ್ಮಾ, ಒಂದ್ಸಲ ನೋಟ್‌ಬುಕ್ ಜತೆ ತಾಳೆ ನೋಡಾಣ" ಎಂದರು ರುದ್ರಕ್ಕ.

"ಕಂಪ್ಯೂಟರ್ ತಪ್ಪು ಮಾಡಲ್ಲ ಬಿಡ್ರಿ ಅಕ್ಕಾ" ಎಂದೆ. ಆ ದನಿ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬುಧವಾರ ತಾಳ್ಯ ಎಂಬ ಹಳ್ಳಿಯಿಂದ ಗೌರಜ್ಜಿ ಶಿಬಿರಕ್ಕೆ ಬಂದಳು. "ಇವತ್ತೇ ಬಾ ಅಂತ ಫೋನಿಗೆ ಬಂದೈತಂತಲ್ಲಪ್ಪಾ." ಆಸ್ಪತ್ರೆಯ ಪಟ್ಟಿಯಲ್ಲಿ ಅವಳ ದಿನ ಸೋಮವಾರ. ಆ ಜಾಗ ಬೇರೆಯವರಿಗೆ ಹೋಗಿತ್ತು, ಬುಧವಾರ ಭರ್ತಿಯಾಗಿತ್ತು. ಮುಂದಿನ ಶಿಬಿರಕ್ಕೆ ಬಾ ಎಂದು ಕಳಿಸಿದರು.

ನಾನು ಒಳಗೆ ಹೋಗಿ ಹಾಳೆ ತೆರೆದೆ. ಅವಳ ಹೆಸರಿನ ಮುಂದೆ ರುದ್ರಕ್ಕ ಬರೆದಿದ್ದನ್ನು ನಾನು ಹಾಗೆಯೇ ಟೈಪ್ ಮಾಡಿದ್ದೆ: 'ಮಂಗಳವಾರ ಆಗಲ್ಲವಂತೆ, ಸೋಮವಾರ ಕೊಡಿ.' ದಿನಾಂಕವಿರಬೇಕಾದಲ್ಲಿ ಮಾತು ಕಂಡು ಮ್ಯಾಕ್ರೋ ಎಡವಿತ್ತು. ನಿಲ್ಲಬೇಡ ಎಂದು ನಾನೇ ಹೇಳಿದ್ದೆನಲ್ಲ, ಹಿಂದಿನ ಸಾಲಿನವರ ಬುಧವಾರವನ್ನೇ ಇವಳಿಗೂ ಕೊಟ್ಟು ಮುಂದೆ ಹೋಗಿತ್ತು.

ಹೊರಗೆ ಸಂಸ್ಥೆಯ ವ್ಯವಸ್ಥಾಪಕರು, "ಕಂಪ್ಯೂಟರ್ ತಪ್ಪು ಕಳಿಸಲ್ಲ, ನೀವೇ ಬಾಯಲ್ಲಿ ಏನೋ ಹೇಳಿರ್ತೀರಿ" ಎಂದು ಎಲ್ಲರೆದುರು ರುದ್ರಕ್ಕನನ್ನು ಗದರುತ್ತಿದ್ದರು. ನಾನು ಬಾಗಿಲವರೆಗೆ ಬಂದೆ. ಅಲ್ಲೇ ನಿಂತೆ. ಕೆಲವೇ ದಿನಗಳಲ್ಲಿ ರುದ್ರಕ್ಕ ಕೆಲಸ ಬಿಟ್ಟು ಹೊಸದುರ್ಗದ ತವರಿಗೆ ಹೋದರು. ಮುಂದಿನ ಶಿಬಿರ ಬರುವಷ್ಟರಲ್ಲಿ ಪೊರೆ ಅತಿಯಾಗಿ ಬಲಿತು, ಕಣ್ಣೊಳಗಿನ ಒತ್ತಡ ಏರಿ ಗೌರಜ್ಜಿಯ ಒಂದು ಕಣ್ಣು ಹೋಗಿತ್ತು.

ಮೊನ್ನೆ ತರಗತಿ ಮುಗಿದ ಮೇಲೆ ರುದ್ರಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೊನೆವರೆಗೂ ಕೇಳಿಸಿಕೊಂಡರು. ಆಮೇಲೆ, "ಆ ತಾಳ್ಯದ ಅಜ್ಜಿಗೆ ಹೇಳ್ದೇನಪ್ಪ?" ಎಂದರು.

"ಇಲ್ಲಕ್ಕಾ."

"ಬೈಸ್ಕಂಡಿದ್ದು ನಂಗೆ ಹಳೇದಾತು. ಅವಳಿಗೆ ಕಣ್ಣೇ ಹೋಗೈತೆ. ಮೊದ್ಲು ಅಲ್ಲಿಗೋಗು."

ಭಾನುವಾರ ತಾಳ್ಯಕ್ಕೆ ಹೋದೆ. ಗೌರಜ್ಜಿ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ತಪ್ಪು ನನ್ನದು, ಫೋನಿಗೆ ಬಂದದ್ದು ಬುಧವಾರವೇ ಎಂದೆ. ಬೈಗುಳಕ್ಕೆ ಕಾಯುತ್ತ ತಲೆ ತಗ್ಗಿಸಿ ನಿಂತೆ.

ಅವಳ ಕೈ ನಿಂತಿತು. "ಬುಧವಾರ ಅಂತಲೇ ಬಂದಿತ್ತಾ?"

"ಹೂಂ ಅಜ್ಜಿ."

"ನಂಗೆಲ್ಲೈತೆ ಫೋನು? ಪಕ್ಕದ್ಮನೆ ಸಾವಿತ್ರಿ ಫೋನಿಗೆ ಬಂದಿದ್ದು, ಅವಳೇ ಓದಿ ಹೇಳಿದ್ಲು. ಶಿಬಿರದಾಗೆ ನೀವು ನಿನ್ ದಿನ ಸೋಮವಾರ ಅಂದ್ರಲ್ಲ, ಅವಳೇ ತಪ್ಪು ಓದಿ ನನ್ನ ಕಣ್ಣು ಕಳೆದ್ಲು ಅಂತ ಅವತ್ತಿಂದ ಮಾತು ಬಿಟ್ಟೀನಲ್ಲಪ್ಪಾ."

ಅವಳು ಮಡಿಲ ಸಿಪ್ಪೆ ಕೊಡವಿ ಎದ್ದು ಕೈ ಚಾಚಿದಳು. "ಮೆಟ್ಲು ಕಾಣಲ್ಲ, ಹಿಡ್ಕಾ. ಅವಳ ಮನೀಗೆ ಹೋಗಾಣ. ನೀನೇ ಹೇಳು."