ಜೂಬಾದವರೆಗಿನ ದಾರಿ

ಗಂಡ ಕೊಮಕೆಚ್ ಸತ್ತು ಮಣ್ಣಾದ ಮೇಲೆ ಲಮ್ವಾಕಾಳನ್ನು ಮನೆಯಿಂದ ಹೊರಗೆ ಹಾಕಿದವನು ಅವನ ಅಣ್ಣ ಒಜಾರ. ಹೆಣ್ಣಿಗೆ ತೆರ ಅಂತ ದನ ಕೊಟ್ಟಿದ್ದೇವೆ, ಮಗು ನಮ್ಮ ಕುಲದ್ದು ಎಂದು ಅವಳ ಮಗಳು ಅಬೆರ್‌ಳನ್ನು ಕಿತ್ತುಕೊಂಡ. ಆಗಷ್ಟೇ ಮೊಲೆ ಬಿಟ್ಟಿದ್ದ ಕೂಸು. ಅದನ್ನು ಗಡಿಯಾಚೆಯ ಜೂಬಾದಲ್ಲಿ ವ್ಯಾಪಾರಕ್ಕಿದ್ದ ತನ್ನ ಹೆಂಡತಿಯ ಹತ್ತಿರ ಸಾಗಹಾಕಿದ. ಲಮ್ವಾಕಾ ಗುಲು ಪಟ್ಟಣದ ಮಾರುಕಟ್ಟೆಯ ಬದಿಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟು ಹೊಟ್ಟೆ ಹೊರೆದಳು. ವಿದ್ಯೆ ಗಂಡ ಕಲಿಸಿದ್ದು.

ವರ್ಷಗಳ ಮೇಲೆ, ಚುನಾವಣೆಯ ವಾರ, ಸರ್ಕಾರದ ಅಪ್ಪಣೆಯಿಂದ ಮುಖ ನೋಡಿ ಮಾತಾಡುವ ಆ್ಯಪ್‌ಗಳೆಲ್ಲ ಬಂದ್ ಆದವು. ಆ ತಡೆ ದಾಟಲು ಜನ ಫೋನಿಗೆ ಹಾಕಿಕೊಂಡ ವಿಪಿಎನ್‌ಗಳೂ ಒಂದೊಂದಾಗಿ ಕೈಕೊಟ್ಟವು. ಆಗ ಒಜಾರ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಅವಳ ಅಂಗಡಿಗೆ ಬಂದ. ಅದು ಕೊಮಕೆಚ್‌ನದೇ, ಒಳಗೆ ಅವನೇ ಹಾಕಿದ್ದ ಲಿನಕ್ಸ್.

"ಮಗೂಗೆ ಮಲೇರಿಯ ಅಂತೆ. ಇದ್ರಲ್ಲಿ ಜೂಬಾ ಹಿಡಿಸ್ಕೊಡು," ಅಂದ.

"ಅಂಗಳ ತುಳೀಬೇಡ ಅಂದೋರು ನೀವೇ ಅಲ್ವಾ ಭಾವ?"

"ಹಳೇದೆಲ್ಲ ಕೆದಕ್ತೀಯಾ? ಬೇಕಿದ್ರೆ ನೀನೂ ನೋಡ್ಕೊ ಅವಳನ್ನ."

ಲಮ್ವಾಕಾ ಲ್ಯಾಪ್‌ಟಾಪ್ ತೆರೆದಳು. ವಿಪಿಎನ್ ಪ್ಯಾಕೇಜ್ ಇಳಿಸಲು ಹೋದರೆ ಯಂತ್ರ ಒಪ್ಪದು. ಬೇರೆ ಸರ್ವರ್ ಹಿಡಿದಳು, ಅದೂ ಇಲ್ಲ. ಅದರಲ್ಲೇ ಇದ್ದ ಹಳೆಯ ವಿಪಿಎನ್‌ಗೆ ನೈರೋಬಿಯ ಗೆಳತಿ ಕಳಿಸಿದ ಕೀಲಿ ಕೊಟ್ಟಳು. ಆ ಕಡೆಯ ಸರ್ವರ್ ಗುರುತಿಗೆ ತೋರಿಸುವ ಪ್ರಮಾಣಪತ್ರ ಇನ್ನೂ ಚಾಲ್ತಿಗೇ ಬಂದಿಲ್ಲ ಎಂದು ಯಂತ್ರ ತಿರಸ್ಕರಿಸಿತು.

"ನಿನ್ನ ಕೈಲಾಗಲ್ಲ ಅಂದ್ರೆ ಹೇಳ್ಬಿಡು," ಎಂದು ಒಜಾರ ಗೊಣಗಿದ.

ಇನ್ನೂ ಬಂದಿಲ್ಲ ಎಂಬ ಮಾತಿನ ಮೇಲೆ ಅವಳ ಕಣ್ಣು ನಿಂತಿತು. ಪರದೆಯ ಮೂಲೆಯ ತಾರೀಖು ನೋಡಿದಳು. ಅದು ಕೊಮಕೆಚ್ ಬದುಕಿದ್ದ ಕಾಲದ ತಾರೀಖು. ಒಳಗಿನ ಗಡಿಯಾರದ ಬ್ಯಾಟರಿ ಸತ್ತು, ಯಂತ್ರ ಹಳೆಯ ವರ್ಷದಲ್ಲೇ ಕೂತಿತ್ತು. ಇವತ್ತಿನದೆಲ್ಲ ಅದಕ್ಕೆ ನಾಳೆಯದಾಗಿ ಕಾಣುತ್ತಿತ್ತು. ಬಿಲ್ಲೆಯಂಥ ಬ್ಯಾಟರಿ ಬದಲಿಸಿ ತಾರೀಖು ತಿದ್ದಿದಳು. ಪ್ಯಾಕೇಜ್ ಇಳಿಯಿತು, ವಿಪಿಎನ್ ಹಿಡಿಯಿತು, ಜೂಬಾ ರಿಂಗಾಯಿತು.

ಒಜಾರನ ಹೆಂಡತಿಯ ಮುಖ ಕಂಡಿತು. ಅವಳ ತೊಡೆಯ ಮೇಲೆ ಜ್ವರಕ್ಕೆ ಬಾಡಿದ ಹುಡುಗಿ. ಕೊಮಕೆಚ್‌ನದೇ ಹಣೆ.

"ಅಪ್ಪಾ, ಪಕ್ಕದಲ್ಲಿರೋದು ಯಾರು?" ಎಂದು ಹುಡುಗಿ ಒಜಾರನನ್ನು ಕೇಳಿತು.

"ಕಂಪ್ಯೂಟರ್ ರಿಪೇರಿ ಮಾಡೋರು, ಕಂದಾ. ಹುಷಾರಾದ್ಯಾ?"

ಲಮ್ವಾಕಾ ಬಾಯಿ ತೆರೆದಳು. ಅಷ್ಟರಲ್ಲಿ ಹುಡುಗಿ ನರಳಿ, "ಅಮ್ಮಾ, ನೀರು," ಎಂದು ತಲೆಯೆತ್ತಿ ತನ್ನನ್ನು ತೊಡೆಯ ಮೇಲಿಟ್ಟುಕೊಂಡವಳ ಮುಖ ನೋಡಿತು. ಆ ಹೆಂಗಸು ಲೋಟವನ್ನು ತುಟಿಗೆ ಹಿಡಿದು, ತನ್ನ ಬಟ್ಟೆಯ ಚುಂಗಿನಿಂದ ಗಲ್ಲ ಒರೆಸಿದಳು. ಲಮ್ವಾಕಾ ಪರದೆಯೆದುರಿಂದ ಪಕ್ಕಕ್ಕೆ ಸರಿದಳು. ಜ್ವರದ ಕೂಸಿಗೆ ಏನೆಂದು ಹೇಳುವುದು?

"ಅವರಿಗೊಂದು ಥ್ಯಾಂಕ್ಸ್ ಹೇಳು," ಅಂದ ಒಜಾರ. ಹುಡುಗಿ ಹೇಳಿತು. ಅವನು ಮುಚ್ಚಳ ಮುಚ್ಚಿದ.

ಮುಂದಿನ ವಾರ ಆ್ಯಪ್‌ಗಳು ತೆರೆದವು. ಇನ್ನೊಮ್ಮೆ ಮಗಳನ್ನು ತೋರಿಸಿ ಎಂದು ಲಮ್ವಾಕಾ ನೆರೆಯವಳ ಕೈಲಿ ಹೇಳಿಕಳಿಸಿದಳು.

"ಈಗ ನನ್ನ ಫೋನಲ್ಲೇ ಬರುತ್ತಲ್ಲ," ಅಂದನಂತೆ ಒಜಾರ. "ಅವಳ್ಯಾಕೆ?"